ಸರಾಸರಿ ಮಳೆ ಬಂದ ವರ್ಷ ಯಾವುದು?

ನಮ್ಮ ಚಿತ್ರದುರ್ಗ ಜಿಲ್ಲೆಯ ಮಳೆ ಬಗ್ಗೆ ಯಾರೇ ಬರೆದರೂ ಮೊದಲ ಸಾಲಿನಲ್ಲೇ "ಬರದ ನಾಡು" ಅಂತ ಬರುತ್ತದೆ. ಅದರ ಹಿಂದೆಯೇ ಒಂದು ಸರಾಸರಿ. ಚಳ್ಳಕೆರೆ ಕಡೆ ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು, ಹೊಳಲ್ಕೆರೆ ಕಡೆ ಅದಕ್ಕಿಂತ ಸ್ವಲ್ಪ ಜಾಸ್ತಿ, ಹೀಗೆ. ಲೆಕ್ಕದಲ್ಲಿ ತಪ್ಪೇನೂ ಇಲ್ಲ. ಆದರೆ ಆ ಸರಾಸರಿ ಮಳೆ ಬಂದ ವರ್ಷ ಯಾವುದು ಅಂತ ನಮ್ಮೂರ ಕಟ್ಟೆ ಮೇಲೆ ಕೂತವರನ್ನು ಕೇಳಿ ನೋಡಿ. ಒಬ್ಬರೂ ಹೇಳಲ್ಲ. ಹೊಲದಲ್ಲಿ ಬಿತ್ತಿದ್ದು ಬಿತ್ತಿದ ಹಾಗೇ ಉಳಿದ ವರ್ಷ ಹೇಳುತ್ತಾರೆ, ಕೆರೆ ಕೋಡಿ ಬಿದ್ದ ವರ್ಷ ಹೇಳುತ್ತಾರೆ, ಕಿತ್ತು ಹಾಕಿದ್ದ ಶೇಂಗಾ ಹೊಲದಲ್ಲೇ ಮೊಳಕೆ ಒಡೆದ ವರ್ಷ ಹೇಳುತ್ತಾರೆ.

ನನಗೆ ತುಂಬಾ ದಿನದಿಂದ ಅನ್ನಿಸುತ್ತಿರುವ ಮಾತು ಇದು: ನಮ್ಮ ಸೀಮೆ ನಡೆಯುವುದು ಸರಾಸರಿಯಿಂದ ಅಲ್ಲ. ಹತ್ತು ಹದಿನೈದು ವರ್ಷಕ್ಕೊಮ್ಮೆ ಎಲ್ಲಿಂದಲೋ ಬಂದು ಸುರಿದು ಹೋಗುವ ಮಳೆಯಿಂದ. ಆ ನೀರನ್ನು ಹಿಡಿದುಕೊಂಡರೆ ಮುಂದಿನ ಬರ ದಾಟುತ್ತೇವೆ, ಬಿಟ್ಟರೆ ಇಲ್ಲ.

ವಾಣಿವಿಲಾಸ ಸಾಗರದಿಂದಲೇ ಶುರು ಮಾಡುತ್ತೇನೆ. ನಮ್ಮ ಹಿರಿಯೂರು ಕಡೆಯವರು ಈಗಲೂ ಮಾರಿಕಣಿವೆ ಅಂತಲೇ ಕರೆಯುವುದು. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1898ರಲ್ಲಿ ಕೆಲಸ ಶುರುವಾಗಿ 1907ರಲ್ಲಿ ಮುಗಿಯಿತು. ಎರಡು ಗುಡ್ಡಗಳ ನಡುವಿನ ಕಿರಿದಾದ ಕಣಿವೆಯಲ್ಲಿ ವೇದಾವತಿಗೆ ಅಡ್ಡ ಕಟ್ಟಿದ ಒಡ್ಡು. 130 ಅಡಿಗೆ ಕೋಡಿ. ಹಿಡಿಯುವ ನೀರು ಸುಮಾರು 30 ಟಿಎಂಸಿ. ಇಷ್ಟು ದೊಡ್ಡ ಅಣೆಕಟ್ಟು ಮೊದಲ ಸಲ ತುಂಬಿದ್ದು 1933ರಲ್ಲಿ, ಅಂದರೆ ಕಟ್ಟಿ ಮುಗಿಸಿದ 26 ವರ್ಷಕ್ಕೆ. ಎರಡನೇ ಸಲ ತುಂಬಿದ್ದು 2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ. ನಡುವೆ 89 ವರ್ಷ.

89 ವರ್ಷ ಅಂದರೆ ನಮ್ಮ ತಾತ ಹುಡುಗನಾಗಿದ್ದಾಗ ಕೋಡಿ ಬಿದ್ದದ್ದು. ನಮ್ಮ ಅಪ್ಪನ ಅರ್ಧಕ್ಕಿಂತ ಜಾಸ್ತಿ ಆಯಸ್ಸು "ಒಂದು ಸಲ ಕೋಡಿ ಬಿದ್ದಿತ್ತಂತೆ" ಅನ್ನುವ ಮಾತು ಕೇಳುವುದರಲ್ಲೇ ಕಳೆಯಿತು. ನಾವು ಚಿಕ್ಕವರಿದ್ದಾಗ ಜಲಾಶಯದ ತಳದಲ್ಲಿ ದನ ಮೇಯುವುದನ್ನು ನೋಡಿದ್ದೇವೆ. ಕೋಡಿಯ ಜಾಗ ನೋಡಿದರೆ, ಇಲ್ಲಿ ನೀರು ಹರಿಯುತ್ತದೆ ಅಂತ ನಂಬುವುದೇ ಕಷ್ಟ ಆಗಿತ್ತು. ಬಂಡೆ, ಜಾಲಿ, ಧೂಳು. ಲೆಕ್ಕ ಹಾಕಿದವರು ತಪ್ಪು ಮಾಡಿದರು, ಇಷ್ಟು ದೊಡ್ಡದು ಕಟ್ಟಬಾರದಿತ್ತು ಅಂತ ಓದಿದವರೇ ಮಾತಾಡಿದ್ದನ್ನು ಕೇಳಿದ್ದೇನೆ. ನನಗೆ ಆ ಮಾತು ಯಾವತ್ತೂ ಒಪ್ಪಿಗೆ ಆಗಿಲ್ಲ. ಸರಾಸರಿ ವರ್ಷಕ್ಕೆ ತಕ್ಕ ಹಾಗೆ ಸಣ್ಣದಾಗಿ ಕಟ್ಟಿದ್ದರೆ 2022ರ ನೀರೆಲ್ಲ ಹಾಗೇ ಹರಿದು ಗಡಿ ದಾಟಿ ಹೋಗಿರುತ್ತಿತ್ತು, ಅಲ್ವಾ?

2022ರಲ್ಲಿ ಕೋಡಿ ಬಿದ್ದದ್ದು ಹುಬ್ಬೆ ಮಳೆಯಲ್ಲಿ. ಬೆಳಗಾದರೆ ಸಾಕು, ಬೈಕು, ಟ್ರ್ಯಾಕ್ಟರು, ಆಟೋ, ಎಲ್ಲ ಕಣಿವೆ ಕಡೆಗೇ. ಅಪ್ಪನೂ ಹೊರಟರು. ಕಣಿವೆ ಮಾರಮ್ಮನ ಗುಡಿಯಲ್ಲಿ ಕಾಯಿ ಒಡೆಸಿ ಕೋಡಿ ಕಾಣುವ ಕಡೆ ಬಂದು ನಿಂತರು. ಬಿಳಿ ನೊರೆಯಾಗಿ ಇಳಿಯುತ್ತಿದ್ದ ನೀರು ನೋಡುತ್ತಾ ತುಂಬಾ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ "ನಮ್ಮಪ್ಪ ಸುಳ್ಳು ಹೇಳಿರಲಿಲ್ಲ ನೋಡು" ಅಂದರು. ಪಕ್ಕದಲ್ಲಿದ್ದ ಗುರುತಿಲ್ಲದ ಅಜ್ಜಿಯೊಬ್ಬರು "ನಮ್ಮವರು ಇರಬೇಕಿತ್ತು ಕಣಪ್ಪ" ಅಂತ ಕಣ್ಣೊರೆಸಿಕೊಂಡರು. ಅಲ್ಲಿ ಬಂದಿದ್ದ ಎಷ್ಟೋ ಜನರಿಗೆ ಅದು ಬರೀ ನೀರು ನೋಡುವ ಜಾಗ ಆಗಿರಲಿಲ್ಲ.

ಒಂದು ವಿಷಯ ಮಾತ್ರ ಬಿಡಿಸಿ ಹೇಳಬೇಕು. 1933ರದು ಮತ್ತು 2022ರದು ಒಂದೇ ಥರದ ಕೋಡಿ ಅಲ್ಲ. 1933ರಲ್ಲಿ ಬಂದದ್ದೆಲ್ಲ ವೇದಾವತಿಯದೇ ನೀರು. ಈ ಹೊಳೆ ಹುಟ್ಟುವುದು ಬಾಬಾಬುಡನ್‌ಗಿರಿ ಸಾಲಿನಲ್ಲಿ, ಕಡೂರು ಸೀಮೆ ದಾಟಿ, ಹೊಸದುರ್ಗ ಹಾದು ನಮ್ಮಲ್ಲಿಗೆ ಬರುತ್ತದೆ. 2022ಕ್ಕೆ ಬರುವ ಹೊತ್ತಿಗೆ ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಪಂಪು ಮಾಡಿ ಎತ್ತಿ ತಂದ ಭದ್ರಾ ನೀರೂ ಸೇರತೊಡಗಿತ್ತು. ಅದಕ್ಕೂ ಮುಂಚೆ 2021ರ ನವೆಂಬರ್‌ನಲ್ಲಿ ಸುರಿದ ಅಕಾಲದ ಮಳೆ ಜಲಾಶಯವನ್ನು ಚೆನ್ನಾಗಿಯೇ ಏರಿಸಿತ್ತು. ಹಾಗಾಗಿ 2022ರ ಮಳೆ ಅರ್ಧ ತುಂಬಿದ ಕೊಡಕ್ಕೆ ಬಂದು ಬಿತ್ತು. 2025ರ ಜನವರಿಯಲ್ಲಿ ಮೂರನೇ ಸಲ ಕೋಡಿ ಬಿತ್ತು. ಜನವರಿ ನಮ್ಮಲ್ಲಿ ಮಳೆ ತಿಂಗಳೇ ಅಲ್ಲ, ಹಾಗಾಗಿ ಮೋಡದ ಜೊತೆಗೆ ಪಂಪುಗಳ ಪಾಲೂ ಅದರಲ್ಲಿ ದೊಡ್ಡದು. ಇದರಿಂದ ಸಂತೋಷವೇನೂ ಕಡಿಮೆ ಆಗಲ್ಲ. ಆದರೆ ಮುಂದೆ ಯಾರಾದರೂ "1933ರಿಂದ 2022ರವರೆಗೆ ಒಂದೂ ಇಲ್ಲ, ಈಗ ಮೂರು ವರ್ಷದೊಳಗೆ ಎರಡು ಸಲ, ಮಳೆ ಜಾಸ್ತಿ ಆಗಿದೆ" ಅಂತ ಸುಮ್ನೆ ಹೇಳಿಬಿಟ್ಟರೆ ಅದು ಸರಿಯಾದ ಲೆಕ್ಕ ಅಲ್ಲ.

ಆ 2021ರ ನವೆಂಬರ್ ಬಗ್ಗೆ ಹೇಳದೆ ಮುಂದಕ್ಕೆ ಹೋಗಲಾರೆ. ವಿಶಾಖ ಮಳೆ ಮುಗಿಯುವ ಹೊತ್ತಿಗೆ ನಮ್ಮಲ್ಲಿ ರಾಗಿ ಕೊಯ್ಲು, ಶೇಂಗಾ ಒಕ್ಕಣೆ, ಮೆಕ್ಕೆಜೋಳ ಮುರಿಯುವುದು. ಮೋಡದ ಕಾಟ ಮುಗಿಯಿತು ಅಂತ ಬೆಳೆಯನ್ನು ಹೊಲದಲ್ಲೇ ಒಣಗಲು ಬಿಟ್ಟಿರುತ್ತಾರೆ. ಆ ವರ್ಷ ಬಂಗಾಳ ಕೊಲ್ಲಿಯಲ್ಲಿ ಒಂದರ ಹಿಂದೆ ಒಂದು ವಾಯುಭಾರ ಕುಸಿತ. ರಾಜ್ಯದ ಒಳನಾಡಿಗೆಲ್ಲ ನವೆಂಬರ್‌ನಲ್ಲಿ ಬರಬೇಕಾದ್ದರ ಎಷ್ಟೋ ಪಟ್ಟು ಮಳೆ ಬಂತು. ನಮ್ಮ ರಾಗಿ ತೆನೆ ನಿಂತಲ್ಲೇ ಮೊಳಕೆ ಬಂತು. ದಾವಣಗೆರೆ ಕಡೆ ನೆಂಟರ ಮೆಕ್ಕೆಜೋಳ ಕಣದಲ್ಲೇ ಬೂಸ್ಟು ಹಿಡಿಯಿತು. ನಮ್ಮ ಚಿಕ್ಕಪ್ಪ ಆ ವರ್ಷ ಈರುಳ್ಳಿ ಹಾಕಿದ್ದರು. ಕಿತ್ತು ಗುಡ್ಡೆ ಹಾಕಿ, ಮೇಲೆ ತಾಡಪಾಲು ಹೊದಿಸಿ, ಕೆಳಗಡೆಯಿಂದ ನೀರು ನುಗ್ಗಿ ಇಡೀ ಗುಡ್ಡೆ ಕೊಳೆತು ಹೋಯಿತು. ಅದೇ ಮಳೆ ಬೋರ್‌ವೆಲ್‌ಗಳಿಗೆ ಜೀವ ಕೊಟ್ಟಿತು. ಒಂದೇ ಮಳೆಗೆ ಒಂದು ಮನೆಯಲ್ಲಿ ಅಳು, ಪಕ್ಕದ ತೋಟದಲ್ಲಿ ನೆಮ್ಮದಿ. ನಮ್ಮ ಕಡೆಯ ವಿಪರೀತ ಮಳೆ ಇರುವುದೇ ಹೀಗೆ. ಒಳ್ಳೇದು ಕೆಟ್ಟದ್ದು ಬೇರೆ ಬೇರೆ ಮಾಡಿ ಹೇಳಲು ಆಗಲ್ಲ.

ಅದಕ್ಕೂ ನಾಲ್ಕೈದು ವರ್ಷ ಹಿಂದೆ ಹೇಗಿತ್ತು ಗೊತ್ತಾ? ಹಿರಿಯೂರು, ಹೊಸದುರ್ಗ ಕಡೆ ತೆಂಗಿನ ಮರಗಳು ಸುಳಿ ಒಣಗಿ ಬೋಳಾಗಿ ನಿಂತಿದ್ದವು. ಮೂವತ್ತು ವರ್ಷ ಸಾಕಿದ ಮರ. ಅಡಿಕೆಗೆ ಟ್ಯಾಂಕರ್ ನೀರು ಹಾಕಿ ಸಾಲ ಮಾಡಿಕೊಂಡವರು ಎಷ್ಟೋ ಜನ. ಬೋರ್ ಸಾವಿರ ಅಡಿ ಹೋದರೂ ಬರೀ ಧೂಳು. ವಾಣಿವಿಲಾಸದಲ್ಲಿ ನೀರು ಡೆಡ್ ಸ್ಟೋರೇಜಿಗೆ, ಅಂದರೆ ಕಾಲುವೆಗೆ ಹರಿಸಲು ಆಗದ ತಳಮಟ್ಟಕ್ಕೆ ಇಳಿದಿತ್ತು. ಅಲ್ಲಿಂದ ಕೋಡಿಯವರೆಗೆ ನಾಲ್ಕೈದು ವರ್ಷದ ದಾರಿ. ಅದಾದ ಮರುವರ್ಷವೇ, 2023ರಲ್ಲಿ, ಮತ್ತೆ ಬರ. ಆ ಆಗಸ್ಟ್ 1901ರಿಂದ ಈಚೆಗೆ ಇಡೀ ದೇಶಕ್ಕೇ ಅತಿ ಒಣ ಆಗಸ್ಟ್. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರ ಪಟ್ಟಿಗೆ ಸೇರಿದವು. ಕೋಡಿ ನೋಡಿ ಬಂದ ಕಣ್ಣಲ್ಲೇ ಮುಂದಿನ ವರ್ಷ ಬಾಡಿದ ಶೇಂಗಾ ನೋಡಿದೆವು. 2024ರ ಬೇಸಿಗೆಯಲ್ಲಿ ದುರ್ಗದ ಬಿಸಿಲು 40 ಡಿಗ್ರಿ ದಾಟಿತು. ರಾಯಚೂರಿನವರಿಗೆ ಇದೇನೂ ದೊಡ್ಡದಲ್ಲ, 1928ರ ಮೇ 23ರಂದು ಅಲ್ಲಿ 45.6 ಮುಟ್ಟಿತ್ತು. ಆದರೆ ಸಮುದ್ರ ಮಟ್ಟದಿಂದ ಏಳುನೂರು ಮೀಟರಿಗಿಂತ ಮೇಲಿರುವ, ಸಂಜೆಯಾದರೆ ಗಾಳಿ ಬೀಸುವ ಊರು ಇದು. ರಾತ್ರಿ ಹನ್ನೊಂದಕ್ಕೂ ಗೋಡೆ ಮುಟ್ಟಿದರೆ ಬಿಸಿ. ಬಂಡೆ ಪಕ್ಕದ ಓಣಿಗಳಲ್ಲಿ ಇರುವವರು ಮಾಳಿಗೆ ಮೇಲೂ ಮಲಗಲು ಆಗಲಿಲ್ಲ.

ಯಾಕೆ ಹೀಗೆ? ಕಾರಣ ಪಶ್ಚಿಮ ಘಟ್ಟ. ಜೂನ್, ಜುಲೈನಲ್ಲಿ ಅರಬ್ಬಿ ಸಮುದ್ರದಿಂದ ಬರುವ ಒದ್ದೆ ಗಾಳಿ ಘಟ್ಟ ಹತ್ತುವಾಗ ತಣ್ಣಗಾಗಿ ಅಲ್ಲೇ ಸುರಿದುಬಿಡುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುತ್ತದೆ. ಅದೇ ಗಾಳಿ ಘಟ್ಟ ಇಳಿದು ನಮ್ಮ ಕಡೆ ಬರುವಾಗ ನೀರು ಕಳೆದುಕೊಂಡು ಬರೀ ವೇಗ ಉಳಿಸಿಕೊಂಡಿರುತ್ತದೆ. ಆಷಾಢದಲ್ಲಿ ನಮಗೆ ಸಿಗುವುದು ಆ ಗಾಳಿ. ಮಕ್ಕಳಿಗೆ ಗಾಳಿಪಟ, ಜೋಗಿಮಟ್ಟಿ ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರ. ನಮ್ಮ ನಿಜವಾದ ಮಳೆ ಬರುವುದು ಎರಡು ಹೊತ್ತಿನಲ್ಲಿ. ಒಂದು, ಏಪ್ರಿಲ್ ಮೇನಲ್ಲಿ ನೆಲ ಕಾದು ಸಂಜೆ ಏಳುವ ಗುಡುಗು ಮಳೆ. ಇನ್ನೊಂದು, ಹುಬ್ಬೆಯಿಂದ ಚಿತ್ತೆ, ಸ್ವಾತಿವರೆಗೆ. ಎರಡೂ ನಂಬಿಕೆ ಇಡುವಂಥವಲ್ಲ. "ಕುರುಡು ಚಿತ್ತೆ ಎರಚಿದಲ್ಲಿ ಬೆಳೆ" ಅಂತ ಹಿರಿಯರು ಹೇಳುವುದು ಅನುಭವದಿಂದಲೇ. ಗುಡುಗು ಮೋಡ ಕೆಲವೇ ಕಿಲೋಮೀಟರ್ ಅಗಲ ಇರುತ್ತದೆ, ಹಾಗಾಗಿ ರಸ್ತೆಯ ಈ ಕಡೆ ಹೊಲದಲ್ಲಿ ಕೆಸರು, ಆ ಕಡೆ ಹೊಲದಲ್ಲಿ ಧೂಳು.

ಇದಕ್ಕೇ ಒಂದು ಜಿಲ್ಲೆಗೆ ನಾಲ್ಕು ಕಡೆ ಮಳೆ ಅಳೆದರೆ ಏನೂ ಗೊತ್ತಾಗಲ್ಲ. ಬರ ಅಳೆಯಲು ಅಂತಲೇ 1988ರಲ್ಲಿ ಶುರುವಾದ ಘಟಕ ಈಗ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಆಗಿದೆ, ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನೇ ಅಳೆದು ಲೆಕ್ಕ ಕಳಿಸುವ ಮಳೆ ಮಾಪಕಗಳನ್ನು ಇಟ್ಟಿದೆ. ಇದು ನಿಜಕ್ಕೂ ದೊಡ್ಡ ಕೆಲಸ. ನಾನು ಮಳೆ ಬಂದ ಮಾರನೇ ಬೆಳಗ್ಗೆ ತಪ್ಪದೆ ನೋಡುತ್ತೇನೆ. ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಎಕರೆಗೆ ಹತ್ತಿರ ಹತ್ತಿರ 4,000 ಲೀಟರ್ ನೀರು. ಒಂದು ರಾತ್ರಿ 100 ಮಿಲಿಮೀಟರ್ ಬಂದರೆ ಎಕರೆಗೆ 4 ಲಕ್ಷ ಲೀಟರ್. ಹೀಗೆ ಲೆಕ್ಕ ಹಾಕಿದಾಗಲೇ ನನಗೆ ಮಳೆಯ ತೂಕ ಅರ್ಥ ಆಗುವುದು.

ಹೊರಗಿನ ದಾಖಲೆಗಳನ್ನೂ ಹೀಗೇ ನಮ್ಮ ಅಳತೆಗೆ ತಂದು ನೋಡುವುದು ನನ್ನ ಚಟ. ಚಿರಾಪುಂಜಿಯಲ್ಲಿ 1860ರ ಆಗಸ್ಟ್‌ನಿಂದ 1861ರ ಜುಲೈವರೆಗೆ 26,461 ಮಿಲಿಮೀಟರ್ ಸುರಿಯಿತು. ಚಳ್ಳಕೆರೆಗೆ ಅಷ್ಟು ಮಳೆ ಬರಲು ಐವತ್ತು ವರ್ಷಕ್ಕಿಂತ ಜಾಸ್ತಿ ಬೇಕು. 2005ರ ಜುಲೈ 26ರಂದು ಮುಂಬೈನಲ್ಲಿ ಒಂದೇ ದಿನ 944 ಮಿಲಿಮೀಟರ್. ನಮ್ಮ ಎರಡು ವರ್ಷದ ಮಳೆ ಒಂದು ಹಗಲು ರಾತ್ರಿಯಲ್ಲಿ!

ಆಲಿಕಲ್ಲಿನ ವಿಷಯ ಬೇರೆ. ಅದಕ್ಕೆ ಮಿಲಿಮೀಟರ್ ಲೆಕ್ಕ ಸಾಲಲ್ಲ. ನಾನು ಚಿಕ್ಕವನಿದ್ದಾಗ ಒಂದು ಮೇ ತಿಂಗಳ ಸಂಜೆ, ಪಶ್ಚಿಮದ ಆಕಾಶ ಹಸಿರು ಬಣ್ಣಕ್ಕೆ ತಿರುಗಿ, ಗಾಳಿ ಒಮ್ಮೆಲೇ ನಿಂತುಹೋಗಿ, ಆಮೇಲೆ ಹೆಂಚಿನ ಮೇಲೆ ಕಲ್ಲು ತೂರಿದ ಸದ್ದು ಶುರುವಾಯಿತು. ಅಜ್ಜಿ ಒಳಗಿಂದ ಒನಕೆ ತಂದು ಅಂಗಳಕ್ಕೆ ಎಸೆದರು. ಹಾಗೆ ಮಾಡಿದರೆ ಆಲಿಕಲ್ಲು ನಿಲ್ಲುತ್ತದೆ ಅನ್ನುವುದು ಅವರ ನಂಬಿಕೆ. ನಾವು ಮಕ್ಕಳು ಪಾತ್ರೆ ಹಿಡಿದು ಆರಿಸಲು ಓಡಿದೆವು. ಬೆಳಗ್ಗೆ ನೋಡಿದರೆ ನಮ್ಮ ಪಕ್ಕದವರ ಬಾಳೆ ತೋಟದಲ್ಲಿ ಒಂದು ಎಲೆಯೂ ಇಡಿಯಾಗಿ ಉಳಿದಿರಲಿಲ್ಲ. ಆ ಮನೆಯ ಹುಡುಗ ಮುಂದಿನ ವರ್ಷ ಶಾಲೆ ಬಿಟ್ಟ. ಆಲಿಕಲ್ಲು ಅಂದರೆ ನನಗೆ ಇವತ್ತಿಗೂ ಮೊದಲು ನೆನಪಾಗುವುದು ಅವನೇ.

ಬೇಸಿಗೆಯಲ್ಲಿ ಕಾದ ನೆಲದಿಂದ ಬಿಸಿ ಗಾಳಿ ರಭಸವಾಗಿ ಮೇಲಕ್ಕೇರುತ್ತದೆ. ಮೋಡದೊಳಗಿನ ನೀರ ಹನಿಯನ್ನು ಹೆಪ್ಪುಗಟ್ಟುವ ಎತ್ತರಕ್ಕೆ ಒಯ್ಯುತ್ತದೆ. ಅಲ್ಲಿ ಮಂಜಿನ ಗುಂಡಿಗೆ ಪದರದ ಮೇಲೆ ಪದರ ಅಂಟಿಕೊಳ್ಳುತ್ತಾ ಹೋಗುತ್ತದೆ. ಕೆಳಗಿನ ಗಾಳಿ ಹೊರಲಾರದಷ್ಟು ಭಾರವಾದಾಗ ಬೀಳುತ್ತದೆ. ಒಂದು ದಪ್ಪ ಆಲಿಕಲ್ಲು ಒಡೆದು ನೋಡಿದರೆ ಒಳಗೆ ಬಿಳಿ, ಪಾರದರ್ಶಕ ಸುತ್ತುಗಳು ಕಾಣುತ್ತವೆ. ಬಾಂಗ್ಲಾದೇಶದ ಗೋಪಾಲ್‌ಗಂಜ್‌ನಲ್ಲಿ 1986ರ ಏಪ್ರಿಲ್ 14ರಂದು ಬಿದ್ದ ಆಲಿಕಲ್ಲು ಒಂದು ಕಿಲೋ ತೂಗಿತ್ತು. ಉತ್ತರ ಪ್ರದೇಶದ ಮೊರಾದಾಬಾದ್‌ನಲ್ಲಿ 1888ರ ಏಪ್ರಿಲ್ 30ರಂದು ಆಲಿಕಲ್ಲಿಗೆ 246 ಜನ ಸತ್ತರು. ನಮ್ಮಲ್ಲಿ ಅಂಥದ್ದು ಬೇಡ. ನಿಂಬೆ ಗಾತ್ರದ್ದು ಐದು ನಿಮಿಷ ಬಿದ್ದರೂ ಪಪ್ಪಾಯಿ, ಬಾಳೆ, ಎಲೆಬಳ್ಳಿ ತೋಟದವರ ವರ್ಷದ ದುಡಿಮೆ ಮುಗಿದ ಹಾಗೆ.

ದಾವಣಗೆರೆ ಕಡೆಯವರ ಕಷ್ಟ ಇನ್ನೊಂದು ಥರ. ಹರಿಹರ, ಹೊನ್ನಾಳಿಯಲ್ಲಿ ಹನಿ ಮಳೆ ಇಲ್ಲದ ದಿನವೂ ಪ್ರವಾಹ ಬರಬಹುದು. ತುಂಗೆ, ಭದ್ರೆ ಎರಡೂ ಮಲೆನಾಡಿನ ಮಳೆ ಹೊತ್ತು ಕೂಡಲಿಯಲ್ಲಿ ಸೇರಿ ಇಳಿದು ಬರುತ್ತವೆ. 2019ರ ಆಗಸ್ಟ್‌ನಲ್ಲಿ ಹೊಳೆ ದಂಡೆಯ ಮನೆಗಳಿಗೆ ನೀರು ನುಗ್ಗಿದಾಗ, ಅಲ್ಲಿಂದ ಸ್ವಲ್ಪ ದೂರದ ಜಗಳೂರು ಕಡೆ ಜನ ಕುಡಿಯುವ ನೀರಿಗೆ ಟ್ಯಾಂಕರ್ ಕಾಯುತ್ತಿದ್ದರು. ಒಂದೇ ಜಿಲ್ಲೆ. ಜಿಲ್ಲೆಯ ಸರಾಸರಿ ತೆಗೆದರೆ ಎರಡೂ ಕಷ್ಟ ಮಾಯ ಆಗಿಬಿಡುತ್ತವೆ.

ಬರದ ನೆನಪು ಮಳೆಯ ನೆನಪಿಗಿಂತ ಆಳ. 1876-78ರ ಬರವನ್ನು ನಮ್ಮ ಹಳಬರು ಇಸವಿಯಿಂದ ಕರೆಯುತ್ತಿರಲಿಲ್ಲ, ಧಾತು ಈಶ್ವರ ಬರ ಅನ್ನುತ್ತಿದ್ದರು. ಆ ಎರಡು ಸಂವತ್ಸರಗಳ ಹೆಸರು ಹಾಗೇ ಬರಕ್ಕೆ ಅಂಟಿಕೊಂಡಿತು. ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ 50 ಲಕ್ಷ ದಾಟಿದ್ದ ಜನ 1881ರ ಎಣಿಕೆಯಲ್ಲಿ 42 ಲಕ್ಷದ ಹತ್ತಿರಕ್ಕೆ ಇಳಿದಿದ್ದರು. ಬರ ಮನುಷ್ಯನ ಬುದ್ಧಿಯನ್ನೂ ಒಣಗಿಸುತ್ತದೆ. ನಮ್ಮ ಸೀಮೆಯಲ್ಲಿ ಮಳೆಗಾಗಿ ಇಡೀ ಊರೇ ಮನೆ ಬಿಟ್ಟು ಹೊರಬೀಡು ಹೋಗುವುದು, ಕಪ್ಪೆ ಮದುವೆ, ಅಹೋರಾತ್ರಿ ಭಜನೆ, ಇವೆಲ್ಲ ಇವೆ, ಅವುಗಳಿಂದ ಯಾರಿಗೂ ನೋವಿಲ್ಲ. ಆದರೆ ತೊನ್ನು ಇದ್ದವರನ್ನು ಹೂತಿದ್ದರಿಂದಲೇ ಮಳೆ ಹೋಯಿತು ಅಂತ ಹೆಣ ಅಗೆದು ಸುಟ್ಟ ಪ್ರಕರಣಗಳೂ ಇದೇ ಜಿಲ್ಲೆಯಲ್ಲಿ ನಡೆದಿವೆ. ಆ ಮನೆಯವರ ಸಂಕಟ ನೆನೆಸಿಕೊಂಡರೆ ಹೊಟ್ಟೆ ತೊಳೆಸುತ್ತದೆ. ಇದನ್ನು ಯಾವ ನೆಪ ಹೇಳಿಯೂ ಸಹಿಸಬಾರದು.

ಇದೇ ನೆಲದಲ್ಲಿ ಬೇರೆ ಬುದ್ಧಿಯೂ ಇತ್ತು. ಚಂದ್ರವಳ್ಳಿಯಲ್ಲಿ ಬಂಡೆ ಮೇಲೆ ಕದಂಬರ ಮಯೂರಶರ್ಮನ ಶಾಸನ ಇದೆ. ನಾಲ್ಕನೇ ಶತಮಾನದ್ದು. ಅದು ಹೇಳುವುದು ಕೆರೆ ಕಟ್ಟಿಸಿದ ವಿಷಯವನ್ನು. ಕೋಟೆ ಒಳಗೆ ಹೋದವರು ಏಳು ಸುತ್ತು, ಒನಕೆ ಕಿಂಡಿ ನೋಡಿ ವಾಪಸ್ ಬರುತ್ತಾರೆ. ದಯವಿಟ್ಟು ಒಮ್ಮೆ ಹೊಂಡಗಳ ಜಾಡು ಹಿಡಿದು ನಡೆಯಿರಿ. ಬಂಡೆ ಮೇಲೆ ಬಿದ್ದ ನೀರು ಗೋಪಾಲಸ್ವಾಮಿ ಹೊಂಡ ತುಂಬಿ, ಅಕ್ಕತಂಗಿ ಹೊಂಡಕ್ಕೆ ಇಳಿದು, ಅಲ್ಲಿಂದ ಕೆಳಗೆ ಊರಿನ ಹೊಂಡಗಳಿಗೆ ಬರುವ ಹಾಗೆ ಮಾಡಿದ್ದಾರೆ. ಮೇಲಿನದು ತುಂಬಿದ ಮೇಲೆ ಕೆಳಗಿನದಕ್ಕೆ. ಕಡಿಮೆ ಮಳೆಯಲ್ಲಿ ಮೇಲಿನದಾದರೂ ತುಂಬುತ್ತದೆ, ವಿಪರೀತ ಮಳೆಯಲ್ಲಿ ಒಂದು ಹನಿಯೂ ದಂಡ ಆಗಲ್ಲ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗಳು "ಮಾಡಿದಷ್ಟು ನೀಡು ಭಿಕ್ಷೆ" ಅಂದವರು, ಅವರನ್ನು ಜನ ಇವತ್ತಿಗೂ ನೆನೆಯುವುದು ಕಟ್ಟಿಸಿದ ಕೆರೆಗಳಿಂದ. ಇವರೆಲ್ಲ ಸರಾಸರಿ ನಂಬಿ ಕೆಲಸ ಮಾಡಲಿಲ್ಲ.

ನಮ್ಮೂರ ಕೆರೆಗೆ 2022ರಲ್ಲಿ ಏನಾಯಿತು ಅಂತ ಹೇಳುತ್ತೇನೆ. ಮೇಲಿನ ಗುಡ್ಡದಿಂದ ಬರುವ ಹಳ್ಳಕ್ಕೆ ಅಡ್ಡವಾಗಿ ರಸ್ತೆ ಎತ್ತರಿಸಿ ಸಣ್ಣ ಪೈಪು ಇಟ್ಟಿದ್ದರು. ಅದಕ್ಕೂ ಮೇಲೆ ಹಳ್ಳದ ಅರ್ಧ ಅಗಲ ಹೊಲ ಆಗಿತ್ತು. ಒಣ ವರ್ಷಗಳಲ್ಲಿ ಅದು ಯಾರ ಕಣ್ಣಿಗೂ ಬೀಳಲಿಲ್ಲ, ನೀರೇ ಇರಲಿಲ್ಲವಲ್ಲ. ಆ ಮಳೆಯ ರಾತ್ರಿ ಹಳ್ಳ ತನ್ನ ಹಳೇ ದಾರಿ ಹುಡುಕಿ ಸಿಗದೆ ರಸ್ತೆ ಪಕ್ಕಕ್ಕೆ ತಿರುಗಿ ಹೊಲಗಳ ಮೇಲ್ಮಣ್ಣು ಹೊತ್ತುಕೊಂಡು ಹೋಯಿತು. ಸುತ್ತಲಿನ ಕೆರೆಗಳು ಕೋಡಿ ಬಿದ್ದಾಗ ನಮ್ಮದು ಮುಕ್ಕಾಲಕ್ಕೆ ನಿಂತಿತು. ಆ ಕಾಲು ಭಾಗ ನೀರು 2023ರಲ್ಲಿ ಇದ್ದಿದ್ದರೆ ಎಷ್ಟು ಬೋರ್‌ವೆಲ್ ಉಳಿಯುತ್ತಿದ್ದವು!

ಈಗ ಊರಿನ ಕೆಲವರು ಸೇರಿ ಹಳ್ಳದ ಹಳೇ ಅಗಲ ಗುರುತು ಮಾಡುತ್ತಿದ್ದೇವೆ. ಹಳೇ ನಕ್ಷೆ ಸಿಕ್ಕಿದೆ, ಅದರ ಜೊತೆಗೆ ವಯಸ್ಸಾದವರನ್ನು ಕರೆದುಕೊಂಡು ಹೋಗಿ ನೀರು ಎಲ್ಲಿವರೆಗೆ ಬಂದಿತ್ತು ಅಂತ ಕೇಳಿ ಕಲ್ಲು ನೆಡುತ್ತಿದ್ದೇವೆ. ಒಬ್ಬ ಅಜ್ಜ ಹುಣಸೆ ಮರದ ಬುಡ ತೋರಿಸಿದರು, ನಾವು ಅಂದುಕೊಂಡಿದ್ದಕ್ಕಿಂತ ಅದು ತುಂಬಾ ಆಚೆ. ಹೊಲ ಬಿಟ್ಟುಕೊಡಬೇಕಾದವರಲ್ಲಿ ಇಬ್ಬರು ಒಪ್ಪಿದ್ದಾರೆ, ಒಬ್ಬರು ಇನ್ನೂ ಒಪ್ಪಿಲ್ಲ. ಪೈಪಿನ ಜಾಗದಲ್ಲಿ ಅಗಲವಾದ ಮೋರಿ ಬೇಕು ಅಂತ ಪಂಚಾಯಿತಿಗೆ ಅರ್ಜಿ ಕೊಟ್ಟಿದ್ದೇವೆ. ಹುಬ್ಬೆ ಮಳೆಯೊಳಗೆ ಕನಿಷ್ಠ ಹೂಳಾದರೂ ತೆಗೆಸಬೇಕು.